ಪ್ರೊಜೆಕ್ಟರ್ ಬಂದ ಮೇಲೆ ನಮ್ಮತ್ತೆ

ನಮ್ಮ ಮನೆಯ ಹಾಲ್‌ಗೆ ಈಗ ಇದ್ದಿಲಿನ ಬಣ್ಣ. ಅಂಗಡಿಯವನ ಬಣ್ಣದ ಪುಸ್ತಕದಲ್ಲಿ ಅದಕ್ಕೆ ಏನೋ ಚೆಂದದ ಹೆಸರಿತ್ತು, ಸಂಜೆ ಮೋಡ ಅಂತಲೋ ಏನೋ. ಬಳಿದ ಮೇಲೆ ನೋಡಿದರೆ ಶುದ್ಧ ಇದ್ದಿಲು. ಬಣ್ಣ ಬಳಿಯಲು ಬಂದವನೇ ಏಣಿ ಹತ್ತುವ ಮುಂಚೆ ಅನುಮಾನಪಟ್ಟ. "ಸಾರ್, ಇದು ಹಾಲ್‌ಗೇ ತಾನೇ? ಗೋಡೌನ್‌ಗಲ್ವಲ್ಲ?" ನನ್ನ ಗಂಡ ಗಂಭೀರವಾಗಿ, "ಹಾಲ್‌ಗೇ. ನಾಲ್ಕೂ ಗೋಡೆಗೆ. ಹೊಳಪು ಮಾತ್ರ ಒಂದಿಷ್ಟೂ ಇರಬಾರದು" ಅಂದ. ಆವತ್ತೇ ನಾನು ಬಾಯಿ ಹಾಕಬೇಕಿತ್ತು. ಹಾಕಿದೆ ಕೂಡ. ಕೇಳುವವರು ಯಾರು?

ಇಷ್ಟಕ್ಕೆಲ್ಲ ಮೂಲ ಒಂದು ಪ್ರೊಜೆಕ್ಟರ್. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವೆಲ್ಲ ದೊಡ್ಡ ದೊಡ್ಡ ಕಟ್ಟಡಗಳ ಕತ್ತಲ ಬಾವಿಯೊಳಗೆ ಹತ್ತಿ ಇಳಿದು ಮನೆಗೆ ಬರುವವನಿಗೆ ಮನೆಯಲ್ಲಾದರೂ ಬೆಳಕು ಬೇಕು ಅನ್ನಿಸಬೇಡವೇ? ಯಾವುದೋ ಆಫೀಸಿನವರು ಹಳೆಯ ಸಾಮಾನು ಮಾರುವಾಗ ಇದು ಅವನ ಕಣ್ಣಿಗೆ ಬಿತ್ತು. ಹೆಗಲ ಮೇಲೆ ಹೊತ್ತುಕೊಂಡು ಬಂದ. ನಾನು ಮುಖ ಗಂಟಿಕ್ಕುವುದನ್ನು ಕಂಡು, "ನನಗಲ್ಲ ಮಾರಾಯ್ತಿ, ಅಮ್ಮನಿಗೆ. ಟೀವೀಲಿ ಮುಖಗಳು ಚಿಕ್ಕದಾಗಿ ಕಾಣುತ್ತೆ ಅಂತಿರ್ತಾರಲ್ಲ, ದೊಡ್ಡದಾಗಿ ಕಾಣ್ಲಿ" ಅಂದ. ಅಮ್ಮನ ಹೆಸರು ಹೇಳಿದ ಮೇಲೆ ನಾನು ಏನು ಹೇಳಲಿ?

ಅಮ್ಮ ಅಂದರೆ ನಮ್ಮತ್ತೆ. ಅವರ ವಿಷಯ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ರಂಪ ಯಾಕಾಯಿತು ಅಂತ ಯಾರಿಗೂ ತಲೆಬುಡ ಅರ್ಥವಾಗುವುದಿಲ್ಲ. ಅತ್ತೆ ಹುಡುಗಿಯಾಗಿದ್ದಾಗಿನಿಂದ ಹಿಡಿದು ಕೂದಲು ನರೆಯುವ ತನಕ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡವರು. ಸಾಲು ಸಾಲು ಯಂತ್ರದ ಮಗ್ಗಗಳು, ಆ ಕಡೆಯಿಂದ ಈ ಕಡೆಗೆ ಬಡಿದುಕೊಳ್ಳುವ ಲಾಳಿಗಳು. ಆ ಸದ್ದಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿನ ಹೆಂಗಸರು ಕೂಗುವುದನ್ನೇ ಬಿಟ್ಟಿದ್ದರು. ದನಿ ತೆಗೆಯದೆ ಬರೀ ತುಟಿಯನ್ನು ದೊಡ್ಡದಾಗಿ ಆಡಿಸಿ, ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ ಊರಿನ ಸುದ್ದಿಯೆಲ್ಲ ದಾಟಿಸುತ್ತಿದ್ದರು. ಮೇಸ್ತ್ರಿಯನ್ನು ಅವನ ಎದುರಿಗೇ ನಿಂತು ವಾಚಾಮಗೋಚರ ಬೈಯುತ್ತಿದ್ದರಂತೆ. ಅವನು ಪಾಪ, ಇವಳಿಗೆ ಹಲ್ಲುನೋವು ಇರಬೇಕು ಅಂದುಕೊಂಡು ಮುಂದೆ ಹೋಗುತ್ತಿದ್ದನಂತೆ.

ಮಿಲ್ಲು ಅತ್ತೆಯ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತು. ತುಟಿ ಓದುವ ವಿದ್ಯೆ ಮಾತ್ರ ಅವರ ಜೊತೆ ಮನೆಗೆ ಬಂತು. ಎಷ್ಟು ಚೆನ್ನಾಗಿ ಓದುತ್ತಾರೆಂದರೆ, ನಾನು ಸೊಸೆಯಾಗಿ ಬಂದು ಎಷ್ಟೋ ದಿನ ಅವರಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದೇ ನನಗೆ ಗೊತ್ತಾಗಿರಲಿಲ್ಲ. ಒಂದು ದಿನ ಅವರ ಬೆನ್ನ ಹಿಂದೆ ನನ್ನ ಕೈಯಿಂದ ಸ್ಟೀಲ್ ಡಬ್ಬ ಜಾರಿ ಬಿದ್ದು ಇಡೀ ಅಡುಗೆಮನೆ ಗಣಗಣ ಅಂದಿತು. ಅತ್ತೆ ತಿರುಗಿಯೂ ನೋಡದೆ ತರಕಾರಿ ಹೆಚ್ಚುತ್ತಲೇ ಇದ್ದರು. ಗಂಡನನ್ನು ಕೇಳಿದರೆ ಒಂದು ಗಳಿಗೆ ಯೋಚಿಸಿ, "ಹಾಂ, ಹೌದಲ್ವಾ. ಸ್ವಲ್ಪ ಕಮ್ಮಿ" ಅಂದ. ಹೆತ್ತ ಮಗನಿಗೇ ಮರೆತುಹೋಗಿತ್ತು.

ಮರೆಯುವ ಹಾಗೆ ನೋಡಿಕೊಂಡವರು ಅತ್ತೆಯೇ. ಈ ಮನೆಯಲ್ಲಿ ಗಂಡಸರು ಮೀಸೆ ಬಿಡುವುದಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಿದರೆ ಬೈಗುಳ ಗ್ಯಾರಂಟಿ. ಬೆನ್ನು ತಿರುಗಿಸಿಕೊಂಡು ಏನಾದರೂ ಅಂದರೆ, "ಮುಖ ಕೊಟ್ಟು ಮಾತಾಡೋಕೆ ಏನು ರೋಗ ನಿಂಗೆ?" ಅವರ ಮಗ, ಮಗಳು ಇಬ್ಬರೂ ಇದನ್ನು ಮರ್ಯಾದೆ ಅಂದುಕೊಂಡೇ ಬೆಳೆದರು. ಕಿವುಡು ಅನ್ನುವ ಮಾತನ್ನು ಈ ಮನೆಯಲ್ಲಿ ಯಾರೂ ಆಡಿದ್ದಿಲ್ಲ, ಅತ್ತೆಯಂತೂ ಇಲ್ಲವೇ ಇಲ್ಲ. ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಅಂದ ಡಾಕ್ಟರ ಹತ್ತಿರ ಅವರು ಮತ್ತೆ ಕಾಲಿಡಲಿಲ್ಲ. ಹಾಲ್‌ನಲ್ಲಿ ಎಲ್ಲರ ನಡುವೆ ಕೂತು, ಎಲ್ಲರ ಮಾತಿಗೂ ಎಲ್ಲರಿಗಿಂತ ಮುಂಚೆ ಉತ್ತರ ಕೊಡುವುದು ಅವರ ದೊಡ್ಡ ಹೆಮ್ಮೆ. ಮನೆಯಲ್ಲಿ ಅವರಿಗಿದ್ದ ಸ್ಥಾನವೇ ಅದು. ಆ ಸ್ಥಾನಕ್ಕೇ ಸರಿಯಾಗಿ ಬಂದು ಬಡಿಯಿತು ಈ ಪ್ರೊಜೆಕ್ಟರ್.

ಮೊದಲ ಭಾನುವಾರ ಮಧ್ಯಾಹ್ನ ಗೋಡೆಗೆ ಬಿಳಿ ತೆರೆ ಕಟ್ಟಿ ಸಿನಿಮಾ ಬಿಟ್ಟಾಗ ಅದು ನೀರು ಜಾಸ್ತಿಯಾದ ಚಹಾದ ಹಾಗೆ ಕಾಣಿಸಿತು. ನಮ್ಮದು ಆಗ ತಿಳಿ ಹಳದಿ ಗೋಡೆ, ಒಳ್ಳೆ ಹೊಳಪಿನ ಬಣ್ಣ, ಒರೆಸಿದರೆ ಕೊಳೆ ಹೋಗುತ್ತಿತ್ತು. ಅದೇ ತಪ್ಪಂತೆ. ತೆರೆಯಿಂದ ಹೊರಟ ಬೆಳಕು ಹಳದಿ ಗೋಡೆಗೆ ಬಡಿದು, ವಾಪಸು ತೆರೆಗೇ ಬಂದು ಚಿತ್ರವನ್ನು ಕೆಡಿಸುತ್ತದಂತೆ. ಫೋನಿನಲ್ಲಿ ಯಾರ್ಯಾರೋ ಹೇಳುವುದನ್ನು ಕೇಳಿಕೊಂಡು ನನ್ನ ಗಂಡ ಪಂಡಿತನಾಗಿಬಿಟ್ಟ. ಗೋಡೆ ಇದ್ದಿಲಾಯಿತು. ಆಮೇಲೆ ಬಿಳಿ ಸೀಲಿಂಗ್ ಕಣ್ಣು ಕುಕ್ಕತೊಡಗಿತು. ಅದಕ್ಕೂ ಕಪ್ಪು. ಶೋಕೇಸಿನ ಗಾಜಿನೊಳಗೆ ಇನ್ನೊಂದು ಪುಟ್ಟ ಸಿನಿಮಾ ಓಡುತ್ತದೆ ಅಂತ ಶೋಕೇಸು ಮಲಗುವ ಕೋಣೆಗೆ ಹೋಯಿತು, ಈಗ ನಾವು ಅದರ ಪಕ್ಕದಲ್ಲಿ ಓರೆಯಾಗಿ ನುಸುಳಿಕೊಂಡು ಹಾಸಿಗೆ ಸೇರುತ್ತೇವೆ. ನೆಲದ ಟೈಲ್ಸ್ ಹೊಳೆಯುತ್ತದೆ ಅಂತ ಬೂದು ಬಣ್ಣದ ದಪ್ಪ ಕಾರ್ಪೆಟ್ಟು. ಗುಡಿಸುವವಳು ನಾನು. ಸೋಫಾದ ರೆಕ್ಸಿನ್ ಮಿರಮಿರ ಅನ್ನುತ್ತದೆ ಅಂತ ಅದಕ್ಕೆ ಕಡುನೀಲಿ ಹೊದಿಕೆ. ಗಾಜು ಹೊಳೆಯುತ್ತದೆ ಅಂತ ಗಡಿಯಾರವನ್ನೂ ಗೋಡೆಯಿಂದ ಇಳಿಸಿದ. "ನಾನೂ ಸ್ವಲ್ಪ ಬೆಳ್ಳಗಿದ್ದೀನಿ, ನೋಡಿ, ಏನಾದ್ರೂ ಬಳೀಬೇಕಾ?" ಅಂತ ಕೇಳಿದೆ. ಅವನು ನಗಲಿಲ್ಲ. ನನ್ನ ನಾದಿನಿ, ಅಂದರೆ ಅವನ ತಂಗಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಣ್ಣನಿಗೆ ತಾಳ ಹಾಕುತ್ತಿದ್ದಳು.

ಕರ್ಟನ್ ಆರಿಸಲು ಮಾತ್ರ ಅತ್ತೆಯೇ ಅಂಗಡಿಗೆ ಬಂದರು. ಬಟ್ಟೆ ಅಂದಮೇಲೆ ಅವರನ್ನು ತಡೆಯುವವರು ಯಾರು? ಭಾನುವಾರ ಮಧ್ಯಾಹ್ನವೇ ಸಿನಿಮಾ ನೋಡುವವರು ನಾವು, ಬಿಸಿಲಿನ ಒಂದು ಎಳೆಯೂ ಒಳಗೆ ಬರಬಾರದು ಅನ್ನುವುದು ಮಗನ ಷರತ್ತು. ಅತ್ತೆ ಒಂದೊಂದೇ ಥಾನನ್ನು ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಮೂಗು ಮುರಿದು ಪಕ್ಕಕ್ಕೆ ತಳ್ಳಿದರು. ಕೊನೆಗೆ ಕಡು ಹಸಿರಿನ ಒಂದು ಬಟ್ಟೆಯನ್ನು ಹಿಡಿದವರು ಬಿಡಲಿಲ್ಲ. "ಇದು ನೋಡು ನೇಯ್ಗೆ ಅಂದ್ರೆ. ಸೂಜಿ ಮೊನೆಯಷ್ಟು ಬೆಳಕೂ ತೂರಲ್ಲ." ನಿಜಕ್ಕೂ ತೂರಲಿಲ್ಲ. ಕರ್ಟನ್ ಎಳೆದರೆ ನಟ್ಟ ನಡುಮಧ್ಯಾಹ್ನ ನಮ್ಮ ಹಾಲ್‌ನಲ್ಲಿ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ತಮ್ಮ ಕೈಯಾರೆ ತಮ್ಮ ಮೇಲೇ ಬಾಗಿಲು ಹಾಕಿಕೊಂಡದ್ದು ಅತ್ತೆಗೆ ಆವತ್ತು ಹೊಳೆಯಲಿಲ್ಲ. ನಮಗೆ ಯಾರಿಗೂ ಹೊಳೆಯಲಿಲ್ಲ. ಅದಕ್ಕೇ ನನಗೆ ಈಗಲೂ ಮೈ ಉರಿಯುವುದು.

ಅಲ್ಲಿಂದ ಶುರುವಾಯಿತು ಅತ್ತೆಯ ಸಿಡಿಮಿಡಿ. ಇದ್ದಿಲ ಬಣ್ಣಕ್ಕೆ ಬೈದರು. ಕಾರ್ಪೆಟ್ಟು ಕಾಲಿಗೆ ಚುಚ್ಚುತ್ತದೆ ಅಂದರು. ಮಗ ಟ್ಯೂಬ್‌ಲೈಟ್ ಕಿತ್ತು, ಮೂಲೆಯಲ್ಲಿ ಹುಳುವಿನಷ್ಟು ಬೆಳಕು ಕೊಡುವ ಕೆಂಪು ಕೆಂಪು ಬಲ್ಬು ಹಾಕಿದಾಗಂತೂ ಆವತ್ತು ಊಟ ಬಿಡುವಷ್ಟು ಸಿಟ್ಟು. ತಾವೇ ಆರಿಸಿದ ಕರ್ಟನ್ ಬಗ್ಗೆ ಮಾತ್ರ ಚಕಾರ ಎತ್ತಲಿಲ್ಲ, ಹೇಗೆ ಎತ್ತುತ್ತಾರೆ? ಸಿನಿಮಾ ನಡುವೆ ಮೆಲ್ಲಗೆ ಎದ್ದು ಅದರ ಅಂಚನ್ನು ಸ್ವಲ್ಪ ಸರಿಸುತ್ತಿದ್ದರು. ಮಗ ಎದ್ದು ಮುಚ್ಚುತ್ತಿದ್ದ. ಅವರು ಸರಿಸುವುದು, ಇವನು ಮುಚ್ಚುವುದು. "ಅಮ್ಮನಿಗೆ ಬಣ್ಣ ಹಿಡಿಸಿಲ್ಲ" ಅಂತ ಅವನು ಮತ್ತೆ ಬಣ್ಣದ ಪುಸ್ತಕ ತಂದು ಅವರ ಮುಂದೆ ಇಟ್ಟ. ಕಡು ಕೆಂಪು, ಕಡು ಕಂದು, ಕಡು ನೇರಳೆ. ಅತ್ತೆ ಪುಸ್ತಕವನ್ನು ಮುಚ್ಚಿ, "ಟ್ಯೂಬ್‌ಲೈಟ್ ಹಾಕು" ಅಂದರು. "ಟ್ಯೂಬ್‌ಲೈಟ್ ಹಾಕಿದ್ರೆ ಸಿನಿಮಾ ಹೇಗಮ್ಮ ಕಾಣುತ್ತೆ?" ಅಂದ ಅವನು. ಇದೇ ಮಾತು ವಾರಗಟ್ಟಲೆ ತಿರುಗಿತು. ಯಾಕೆ ಬೇಕು ಟ್ಯೂಬ್‌ಲೈಟ್ ಅಂತ ಅತ್ತೆ ಹೇಳಲಿಲ್ಲ. ಹೇಳಬೇಕಾದರೆ ಆಡಬಾರದ ಆ ಒಂದು ಮಾತನ್ನು ಆಡಬೇಕಿತ್ತು.

ಸಿನಿಮಾ ಅವರಿಗೆ ಇಷ್ಟವಾಗಲಿಲ್ಲ ಅಂತಲ್ಲ. ಬಾಗಿಲಿನಷ್ಟು ದೊಡ್ಡ ತುಟಿಗಳು, ಬಿಡುತ್ತಾರೆಯೇ! ಬೇರೆ ಭಾಷೆಯಿಂದ ಡಬ್ ಮಾಡಿದ ಸಿನಿಮಾ ಬಂದಾಗ ನಮಗೆ ಅವರನ್ನು ನೋಡುವುದೇ ಮಜಾ. ನಾಯಕ ನಾಯಕಿಯ ಕೈ ಹಿಡಿದು ಪ್ರಾಣವನ್ನೇ ಕೊಡುತ್ತೇನೆ ಅಂತಿದ್ದರೆ ಅತ್ತೆ, "ಸುಳ್ಳು. ಇವನು ಬೇರೆ ಏನೋ ಹೇಳ್ತಿದ್ದಾನೆ, ಊಟ ಆಯ್ತಾ ಅಂತಿರಬೇಕು" ಅಂತ ಕಿಸಕ್ಕನೆ ನಗುತ್ತಿದ್ದರು. ಆ ನಗುವನ್ನು ನೋಡಿಯೇ ನನ್ನ ಗಂಡನಿಗೆ ತಾನು ಮಾಡಿದ್ದೆಲ್ಲ ಸಾರ್ಥಕ ಅನ್ನಿಸುತ್ತಿತ್ತು. ನಾಯಕನ ಮಾತು ಅವರಿಗೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತ ನಮ್ಮ ಮಾತು ಕಾಣುತ್ತಿರಲಿಲ್ಲ.

ಆ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ವಿಷಯ ಓಡುತ್ತಿತ್ತು. ನಾದಿನಿಯ ಜೊತೆ ಕೆಲಸ ಮಾಡುವ ಹುಡುಗ, ಮದುವೆ ಮಾಡಿಕೊಳ್ಳುತ್ತೀಯಾ ಅಂತ ಕೇಳಿದ್ದ. ಒಳ್ಳೆ ಹುಡುಗ, ಮನೆಗೂ ಬಂದು ಹೋಗಿದ್ದ. ಇವಳು ಮಾತ್ರ ಯೋಚನೆ ಮಾಡ್ತೀನಿ ಅಂತ ಎಳೆಯುತ್ತಿದ್ದಳು. ನಮಗೆಲ್ಲರಿಗಿಂತ ಹೆಚ್ಚು ಕಾದವರು ಅತ್ತೆ. ಮಗಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಅವಳ ಮುಖಕ್ಕೆ ಮುಖ ತಂದು, "ಏನು ಯೋಚನೆ ಮಾಡಿದೆ?" ಅನ್ನುತ್ತಿದ್ದರು. "ಅಮ್ಮ, ಒಳಗೆ ಬರೋಕೆ ಬಿಡು" ಅನ್ನುತ್ತಿದ್ದಳು ಅವಳು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಸಿನಿಮಾ ನೋಡುತ್ತಿದ್ದೆವು. ಅತ್ತೆ ಮುಂದಿನ ಒಳ್ಳೆ ಕುರ್ಚಿಯಲ್ಲಿ, ನಾವು ಮೂವರು ಹಿಂದೆ ಸೋಫಾದಲ್ಲಿ. ತೆರೆಯ ಮೇಲೆ ಯಾರದೋ ಮದುವೆ ಮುರಿದುಬೀಳುತ್ತಿತ್ತು. ನಾದಿನಿ ಇದ್ದಕ್ಕಿದ್ದ ಹಾಗೆ, "ಅಣ್ಣಾ, ನಾನು ಅವನಿಗೆ ಹೂಂ ಅಂದೆ. ನಿನ್ನೆ" ಅಂದಳು. ಬೆಳಕಿದ್ದಿದ್ದರೆ ಆ ಹುಡುಗಿ ನಾಚಿಕೆಗೆ ಇನ್ನೂ ಒಂದು ತಿಂಗಳು ಎಳೆಯುತ್ತಿದ್ದಳು, ಕತ್ತಲೆಯೇ ಅವಳಿಗೆ ಧೈರ್ಯ ಕೊಟ್ಟಿತು. ನನ್ನ ಗಂಡ ಸೋಫಾದ ಮೇಲೇ ಕುಣಿದ. ನಾನು ಅವಳನ್ನು ತಬ್ಬಿಕೊಂಡೆ. ಗಲಾಟೆಗೆ ಅತ್ತೆಯ ಕುರ್ಚಿ ಅಲ್ಲಾಡಿತು. ಅವರು ಹಿಂತಿರುಗಿ ನೋಡಿದರು. ನಾವು ನಗುತ್ತಿದ್ದೆವು, ಅವರೂ ನಕ್ಕರು. ನಕ್ಕು ಮತ್ತೆ ತೆರೆಯ ಕಡೆ ತಿರುಗಿದರು. ತಿರುಗುವಾಗ ಅವರ ಕೆನ್ನೆಯ ಮೇಲೆ ತೆರೆಯ ಬೆಳಕು ಬಿತ್ತು, ಆ ನಗು ನಮಗೆ ಚೆನ್ನಾಗಿ ಕಂಡಿತು. ಅತ್ತೆಗೂ ಖುಷಿಯಾಯಿತು ಅಂತ ನಾವು ನೆಮ್ಮದಿಯಾಗಿ ಉಳಿದ ಸಿನಿಮಾ ನೋಡಿದೆವು. ಎಲ್ಲರಿಗೂ ತಿಳಿದಾಯಿತಲ್ಲ ಅಂತ ಆವತ್ತು ಯಾರೂ ಆ ಮಾತನ್ನು ಮತ್ತೆ ತೆಗೆಯಲಿಲ್ಲ.

ನಮ್ಮ ಮನೆಯ ಎದುರು, ಬೀದಿಯ ಆಚೆ ಬದಿಯ ಮಹಡಿಯಲ್ಲಿ ಬಾಬಿನ್ ಅಕ್ಕ ಇದ್ದಾರೆ. ಮಿಲ್ಲಿನಲ್ಲಿ ನೂಲಿನ ಬಾಬಿನ್ ತುಂಬುತ್ತಿದ್ದವರು, ಹೆಸರು ಅದಕ್ಕೇ ಅಂಟಿತು. ಬೆಳಿಗ್ಗೆ ಬಟ್ಟೆ ಒಣಹಾಕುವಾಗ ಅವರು ಅಲ್ಲಿಂದ, ಅತ್ತೆ ಇಲ್ಲಿಂದ, ಕೆಳಗೆ ಬಸ್ಸು ಲಾರಿ ಹಾರ್ನು ಹೊಡೆಯುತ್ತಿದ್ದರೂ ಬರೀ ತುಟಿಯಲ್ಲೇ ಅರ್ಧ ಗಂಟೆ ಹರಟುತ್ತಾರೆ. ಸೋಮವಾರ ಬೆಳಿಗ್ಗೆ ನಾನು ಗೇಟಿನಲ್ಲಿ ಬಾಬಿನ್ ಅಕ್ಕನಿಗೆ ಸಿಕ್ಕಿ ಸುದ್ದಿ ಹೇಳಿದ್ದೆ. ಅವರು ಮಹಡಿ ಹತ್ತಿದವರೇ ಎರಡೂ ಕೈ ಎತ್ತಿ, ಬಾಯಿ ಇಷ್ಟಗಲ ಮಾಡಿ, ದನಿಯಿಲ್ಲದೆ ಕೂಗಿದರು. ನಾನು ಅತ್ತೆಯ ಪಕ್ಕದಲ್ಲೇ ಬಟ್ಟೆ ಹಿಂಡುತ್ತಿದ್ದೆ. ಈ ಮನೆಗೆ ಬಂದ ಮೇಲೆ ನನಗೂ ಅಷ್ಟಿಷ್ಟು ಓದಲು ಬರುತ್ತದೆ. "ಮಗಳು ಒಪ್ಪಿದಳಂತೆ! ಅಂತೂ ಒಪ್ಪಿದಳಂತಲ್ಲೇ!"

ಅತ್ತೆಯ ಕೈಯಲ್ಲಿದ್ದ ಟವೆಲ್ ಹಾಗೇ ನಿಂತಿತು. ಒಂದೇ ಒಂದು ಗಳಿಗೆ. ಆಮೇಲೆ ಅವರು ತಲೆ ಆಡಿಸಿ, ತುಟಿಯಲ್ಲೇ, "ಹೂಂ, ಗೊತ್ತು. ನಿನ್ನೇನೇ ಹೇಳಿದಳು" ಅಂದರು. ಟವೆಲನ್ನು ತಂತಿಯ ಮೇಲೆ ಹರವಿ, ಕ್ಲಿಪ್ಪು ಹಾಕಿ, ಒಳಗೆ ಹೋದರು. ಅವರ ಮುಖ ನೋಡಿದಾಗಲೇ ನನಗೆ ಹೊಳೆದದ್ದು. ಅವರಿಗೆ ಗೊತ್ತಿರಲಿಲ್ಲ.

ಆವತ್ತಿಡೀ ಅವರು ಹಾಲ್‌ಗೆ ಕಾಲಿಡಲಿಲ್ಲ. ಅಡುಗೆಮನೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತರು. ನಾನು ಹೋಗಿ, "ಅತ್ತೆ, ನಿನ್ನೆ ಕತ್ತಲಲ್ಲಿ..." ಅಂತ ಶುರುಮಾಡಿದರೆ ಕಣ್ಣು ಮುಚ್ಚಿಕೊಂಡರು. ಅವರು ಕಣ್ಣು ಮುಚ್ಚಿದರೆ ಮುಗಿಯಿತು, ಲೋಕದಲ್ಲಿ ಯಾರೂ ಅವರಿಗೆ ಒಂದು ಮಾತನ್ನೂ ಹೇಳುವಂತಿಲ್ಲ. ಸಂಜೆ ನಾದಿನಿ ಬಂದಳು. ಅಮ್ಮ ಬಾಗಿಲಿಗೆ ಬರಲಿಲ್ಲ, ಏನೂ ಕೇಳಲಿಲ್ಲ. ನಾನು ಹೀಗೀಗೆ ಅಂತ ವಿವರಿಸುವಷ್ಟರಲ್ಲಿ ಅವಳಾಗಲೇ ಅಳಲು ಶುರುಮಾಡಿದ್ದಳು. "ಅಮ್ಮನಿಗೆ ಹುಡುಗ ಇಷ್ಟ ಇಲ್ಲ. ಮೊದಲೇ ಹೇಳಬಹುದಿತ್ತಲ್ಲ?" ಅದನ್ನೇ ಹಿಡಿದುಕೊಂಡು ನನ್ನ ಗಂಡ ನ್ಯಾಯ ತೀರ್ಮಾನ ಮಾಡಲು ಅಡುಗೆಮನೆಗೆ ಹೊರಟ. ನನ್ನ ಮಾತು ಕೇಳಿಸಿಕೊಳ್ಳಲು ಈ ಮನೆಯಲ್ಲಿ ಕಿವಿ ಇದ್ದವರಿಗೂ ಪುರುಸೊತ್ತಿಲ್ಲ.

ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಹಿಂದೆ ಹಾಲ್‌ನ ಆ ಕೆಂಪು ಬಲ್ಬು, ಒಳಗಿನ ಟ್ಯೂಬ್‌ಲೈಟ್ ಅವನ ಮುಖದ ತನಕ ಮುಟ್ಟುತ್ತಿರಲಿಲ್ಲ. "ಅಮ್ಮ, ಹುಡುಗ ಇಷ್ಟ ಇಲ್ಲದಿದ್ರೆ ಬಾಯಿ ಬಿಟ್ಟು ಹೇಳು. ಹೀಗೆ ಮುಖ ಊದಿಸ್ಕೊಂಡು ಕೂತ್ರೆ..."

"ಬೆಳಕಿಗೆ ಬಾ" ಅಂದರು ಅತ್ತೆ.

"ಅದಲ್ಲಮ್ಮ, ನಾನು ಕೇಳ್ತಿರೋದು..."

"ಬೆಳಕಿಗೆ ಬಾರೋ!" ಸ್ಟೂಲ್ ಬೀಳುವ ಹಾಗೆ ಎದ್ದರು. "ಗೋಡೆಗೂ ಕಪ್ಪು ಬಳಿದೆ, ನಿಮ್ಮ ಮುಖಗಳಿಗೂ ಕಪ್ಪು ಬಳಿದೆ. ಎಲ್ಲಿ ಓದ್ಲಿ ನಾನು? ನನ್ನ ಮಗಳು ಒಪ್ಪಿದ ಸುದ್ದಿ ನನ್ನ ಮನೇಲಿ, ನನ್ನ ಬೆನ್ನ ಹಿಂದೆ. ನಾನು ಅದನ್ನ ಬೀದಿ ಆಚೆಯಿಂದ ಓದ್ಕೋಬೇಕಾಯ್ತು! ಗೊತ್ತಿತ್ತು ಅಂತ ಸುಳ್ಳು ಬೇರೆ ಹೇಳಿದೆ. ನಂಗೆ ಕಿವಿ ಕೇಳ್ಸಲ್ಲ ಕಣೋ. ಕಿವುಡಿ ನಾನು. ಸಾಕಾ? ನನ್ನ ಬಾಯಲ್ಲೇ ಹೇಳಿಸಿಬಿಟ್ರಲ್ಲ."

ಅತ್ತೆ ಅಳುವುದನ್ನು ನಾನು ಅದೇ ಮೊದಲು ಕಂಡದ್ದು. ನಾದಿನಿಯೇ ಅಣ್ಣನನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಂದಳು. ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಅಮ್ಮನ ಎರಡೂ ಭುಜ ಹಿಡಿದು, ಮೂಗು ಒರೆಸಿಕೊಂಡು, "ಅಮ್ಮ, ನಾನು ಅವನಿಗೆ ಹೂಂ ಅಂದೆ" ಅಂದಳು.

"ಇನ್ನೊಂದ್ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಅತ್ತೆ ಅವಳ ತುಟಿಯಿಂದ ಕಣ್ಣು ತೆಗೆಯಲಿಲ್ಲ.

ಮರುದಿನವೇ ನನ್ನ ಗಂಡ ಗೋಡೆಗೆ ಮತ್ತೆ ಹಳದಿ ಬಳಿಸುತ್ತೇನೆ ಅಂತ ಹೊರಟ. ಅತ್ತೆ ಬಿಡಲಿಲ್ಲ. "ಬಣ್ಣಕ್ಕೇನಾಗಿದೆ? ಸಿನಿಮಾ ಚೆನ್ನಾಗಿ ಕಾಣುತ್ತೆ. ನಿಮ್ಮ ಮುಖ ಕಾಣೋ ಹಾಗೆ ಮಾಡು, ಅಷ್ಟೇ." ಅಷ್ಟೇ ಅಂದರೆ ಅಷ್ಟು ಸುಲಭವೇ? ನಮ್ಮ ಮುಖದ ಮೇಲೆ ಬೆಳಕು ಬೀಳಬೇಕು, ತೆರೆಯ ಮೇಲೆ ಬೀಳಬಾರದು. ಸೀಲಿಂಗ್‌ಗೆ ದೀಪ ಹಾಕಿದ, ಸಿನಿಮಾ ಮತ್ತೆ ನೀರು ಚಹಾ ಆಯಿತು. ಸೋಫಾದ ಹಿಂದೆ ಹಾಕಿದ, ನಮ್ಮ ಮುಖಗಳು ದೆವ್ವದ ಹಾಗಾದವು. ನೆಲದಲ್ಲಿ ಹಾಕಿದ, ಬರೀ ಗಲ್ಲ ಮತ್ತು ಮೂಗಿನ ಹೊಳ್ಳೆ ಕಾಣಿಸಿತು. ಇಡೀ ಕಟ್ಟಡವನ್ನು ಮೇಲೆ ಕೆಳಗೆ ಓಡಾಡಿಸುವವನು ಒಂದು ಬಲ್ಬಿನ ಮುಂದೆ ಸೋತು ಸುಣ್ಣವಾದ. ವೈರಿನ ತುಂಡುಗಳನ್ನು ಕಾರ್ಪೆಟ್ಟಿನಿಂದ ಹೆಕ್ಕಿ ಹೆಕ್ಕಿ ನನ್ನ ಸೊಂಟ ಹೋಯಿತು. ಕೊನೆಗೆ ಪಕ್ಕದ ಗೋಡೆಗೆ, ತೆರೆಗೆ ಬೆನ್ನು ಮಾಡಿ, ಮೂರು ಕಡೆ ತಗಡಿನ ಮರೆ ಕಟ್ಟಿದ ಒಂದು ದೀಪ ಕೂತಿತು. ಹಾಕಿದರೆ ನೇರ ನಮ್ಮ ಮುಖಕ್ಕೆ. ಕಪ್ಪು ಗೋಡೆ ಉಳಿದ ಬೆಳಕನ್ನು ನುಂಗಿಕೊಳ್ಳುತ್ತದೆ, ಆದರೂ ಚಿತ್ರ ಸ್ವಲ್ಪ ಮಾಸುತ್ತದೆ.

ಸ್ವಿಚ್ಚನ್ನು ಅವನು ತನ್ನ ಪಕ್ಕ ಇಟ್ಟುಕೊಳ್ಳಲು ನೋಡಿದ. "ಮಾತಾಡುವಾಗ ನಾವೇ ಹಾಕ್ತೀವಮ್ಮ." ಅತ್ತೆ ಕೈ ಚಾಚಿದರು. "ನಿಮಗೆ ನೆನಪಿರಲ್ಲ. ಕೊಡು ಇಲ್ಲಿ." ಉದ್ದ ವೈರ್ ಎಳೆದು ಸ್ವಿಚ್ಚನ್ನು ಅವರ ಕೈಗೇ ಕೊಟ್ಟ. ಕುರ್ಚಿಯನ್ನೂ ಅವರು ಮುಂದಿನಿಂದ ಕಿತ್ತು ಪಕ್ಕಕ್ಕೆ ಹಾಕಿಸಿಕೊಂಡರು, ತೆರೆಗೆ ಓರೆಯಾಗಿ, ನಮಗೆ ಎದುರಾಗಿ.

ಹೋದ ಭಾನುವಾರ ತೆರೆಯ ಮೇಲೆ ಭಯಂಕರ ಹೊಡೆದಾಟ. ನಾನು ಗಂಡನ ಕಡೆ ಬಗ್ಗಿ ಏನೋ ಅಂದೆ, ಅವನು ನಕ್ಕ. ಕಟಕ್ ಅಂತ ದೀಪ ಹೊತ್ತಿ ನಮ್ಮಿಬ್ಬರ ಕಣ್ಣು ಕೋರೈಸಿತು. ಅತ್ತೆ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೂತಿದ್ದರು.

"ಏನಂದೆ?"

"ಏನಿಲ್ಲ ಅತ್ತೆ."

ದೀಪ ಆರಲಿಲ್ಲ. "ಏನಿಲ್ಲ, ಏನಿಲ್ಲ. ಮಿಲ್ಲು ಬಿಟ್ಟಾಗಿಂದ ನಾನು ಅತಿ ಹೆಚ್ಚು ಓದಿರೋ ಮಾತು ಅದೇ ಕಣೆ. ಬೇರೆ ಏನಾದ್ರೂ ಹೇಳು."

"ಅಯ್ಯೋ, ದೊಡ್ಡ ವಿಷಯ ಏನಲ್ಲ ಅತ್ತೆ."

"ಅದನ್ನ ನಾನು ತೀರ್ಮಾನ ಮಾಡ್ತೀನಿ."

ತೆರೆಯ ಮೇಲೆ ಖಳನಾಯಕ ಮಾಸಿದ ಬಣ್ಣದಲ್ಲಿ ಒದೆ ತಿನ್ನುತ್ತಿದ್ದ. ನನ್ನ ಗಂಡ ನಿಟ್ಟುಸಿರು ಬಿಟ್ಟು ಸಿನಿಮಾ ನಿಲ್ಲಿಸಿದ. ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಅಷ್ಟು ಬೆಳಕಿನಲ್ಲಿ ಎರಡನೇ ಸಲ ಹೇಳುವಂಥ ಮಾತೇ ಅಲ್ಲ ಅದು. ಆದರೂ ಅವರಿಗೆ ಮುಖ ಕೊಟ್ಟು, ಒಂದೊಂದೇ ಪದವನ್ನು ಬಿಡಿಸಿ ಹೇಳಿದೆ. "ಹೀರೋ ಶರ್ಟಿಗೆ ಇಸ್ತ್ರಿ ಮಾಡಿಲ್ಲ ಅಂದೆ."

ಅತ್ತೆ ತೆರೆಯ ಕಡೆ ತಿರುಗಿ, ನಿಂತ ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡಿದರು. ಕಾಲರಿನಿಂದ ತೋಳಿನ ತನಕ ಪೂರ್ತಿ ನೋಡಿದರು.

"ಹೌದು ಕಣೆ, ಮಾಡಿಲ್ಲ" ಅಂತ ಹೇಳಿ ದೀಪ ಆರಿಸಿದರು.